ಮೆಕ್ಕೆಜೋಳದ ಮೇಲೆ ಹಸಿರು ಬೈಕು

ನಮ್ಮ ಜಿಲ್ಲೆಯ ವರದಿಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಪಘಾತದ ಸುದ್ದಿ ಬರುವುದಕ್ಕೆ ಒಂದು ಕ್ರಮವಿದೆ. ಮೊದಲು ಫೋಟೊ ಬರುತ್ತದೆ. ಸ್ಥಳ ಆಮೇಲೆ. ಹೆಸರು, ವಯಸ್ಸು, ಊರು ಎಲ್ಲಕ್ಕಿಂತ ಕೊನೆಗೆ, ಠಾಣೆಯಿಂದಲೋ ಆಸ್ಪತ್ರೆಯಿಂದಲೋ ಖಚಿತವಾದ ಮೇಲೆ. ಫೋಟೊಗೂ ಹೆಸರಿಗೂ ನಡುವೆ ಒಮ್ಮೊಮ್ಮೆ ಒಂದು ಇಡೀ ಸಂಜೆ ಕಳೆಯುತ್ತದೆ. ಬಹಳ ವರ್ಷ ನನಗೆ ಅದು ಬರೀ ಕಾಯುವ ಹೊತ್ತಾಗಿತ್ತು. ಪುಟದಲ್ಲಿ ಜಾಗ ಬಿಟ್ಟು, ಟೀ ಕುಡಿದು, ಹೆಸರು ಬಂದಾಗ ತುಂಬುತ್ತಿದ್ದೆ.

ಹೆಂಡತಿಗೆ ಜಗಳೂರು ಕಡೆಗೆ ವರ್ಗವಾದ ಮೇಲೆ ಆ ಹೊತ್ತು ಬೇರೆಯಾಯಿತು. ಫೋಟೊ ಬಂದ ಕೂಡಲೇ ಬೆರಳು ಅಗಲಿಸಿ ದೊಡ್ಡದು ಮಾಡಿ ಬೈಕಿನ ಟ್ಯಾಂಕಿನ ಬಣ್ಣ ನೋಡುತ್ತಿದ್ದೆ. ಅವಳದು ಹಸಿರು ಟ್ಯಾಂಕು. ಮಿಲಿಟರಿ ಲಾರಿಗಳಿಗೆ ಬಳಿಯುವಂಥ ಮಂಕು ಹಸಿರು. ಕಪ್ಪೋ ಕೆಂಪೋ ಕಂಡರೆ ಉಸಿರು ಬಿಡುತ್ತಿದ್ದೆ, ಆಮೇಲೆ ವರದಿಗಾರನಾಗುತ್ತಿದ್ದೆ.

ಅವಳು ಪಶುವೈದ್ಯೆ. ನಮ್ಮ ಮನೆ ಚನ್ನಗಿರಿಯಲ್ಲಿ. ಮೊದಲು ಅವಳಿಗೆ ನ್ಯಾಮತಿಯಲ್ಲಿ ಕೆಲಸವಿತ್ತು. ದಿನವೂ ಹೊನ್ನಾಳಿಯ ಮೇಲೆ ಬೈಕಿನಲ್ಲಿ ಹೋಗಿ ಬರುತ್ತಿದ್ದಳು. ಆ ದಾರಿಯ ಭಯಗಳನ್ನೆಲ್ಲ ನಾನು ಸುದ್ದಿಯಾಗಿ ಬರೆದವನು. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಕಡೆ ಸಿಪ್ಪೆಯನ್ನು ರಸ್ತೆಯ ಪಕ್ಕ ಸುರಿದು ಬೆಂಕಿ ಹಾಕುತ್ತಾರೆ. ಅದು ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಬೆಳಿಗ್ಗೆ ಮಂಜು ಇಳಿದರೆ ಆ ಹೊಗೆ ಮೇಲೇಳದೆ ಟಾರಿಗೆ ಅಂಟಿಕೊಂಡು ನಿಲ್ಲುತ್ತದೆ. ಒಳಗೆ ಯಾರಿದ್ದಾರೆ, ಏನಿದೆ ಕಾಣುವುದಿಲ್ಲ. ಹೊನ್ನಾಳಿ ಹತ್ತಿರ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು. ನ್ಯಾಮತಿ ಕಡೆ ಊರಿನವರೇ ರಾತ್ರೋರಾತ್ರಿ ಹಾಕಿಕೊಂಡ, ಬಣ್ಣ ಕಾಣದ ರಸ್ತೆ ಹಂಪುಗಳು. ಎಲ್ಲ ಬರೆದಿದ್ದೆ. ಬರೆದದ್ದರಿಂದ ಹಂಪಿಗೆ ಬಣ್ಣ ಬರಲಿಲ್ಲ. ಬರೆದವನಿಗೆ ಮಾತ್ರ ಪ್ರತಿ ತಿರುವೂ ಬಾಯಿಪಾಠವಾಯಿತು.

ಅದೇ ದಾರಿ ಅವಳಿಗೆ ಬೇರೆಯೇ. ಸಂಜೆ ಹೆಲ್ಮೆಟ್ ತೆಗೆಯುತ್ತಲೇ ಹೇಳುತ್ತಿದ್ದಳು, ಇವತ್ತು ಇಂಥ ಊರಲ್ಲಿ ಅಡಿಕೆ ಬೇಯಿಸಾಕೆ ಶುರು ಮಾಡಿದಾರೆ, ಚೊಗರು ವಾಸನೆ ಬಂತು. ತೋಟದ ಸಾಲು ಶುರುವಾಗೋ ಕಡೆ ಮೊಣಕಾಲಿಗೆ ತಣ್ಣಗೆ ಗಾಳಿ ಹೊಡೀತೈತೆ, ಮುಖಕ್ಕೆ ಇನ್ನೂ ಬಿಸಿ ಇರ್ತೈತೆ ಎಂದು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೂತು ಚೈನಿಗೆ ಎಣ್ಣೆ ಬಿಡುವಾಗ ಅವಳ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಸುವಿನ ಹೊಟ್ಟೆಗೆ ಕಿವಿ ಇಡುವಂತೆಯೇ ಎಂಜಿನ್ನಿಗೂ ಕಿವಿ ಇಡುತ್ತಿದ್ದಳು. ದುಡುಕಿ ಓಡಿಸುವವಳಲ್ಲ. ಗ್ಲೌಸ್, ಜಾಕೆಟ್, ಕಾಲಿಗೆ ಬೂಟು ಇಲ್ಲದೆ ಗೇಟು ದಾಟಿದವಳಲ್ಲ. ಬೀದಿಯವರು ನಗುತ್ತಿದ್ದರು. ಎದುರು ಮನೆಯ ಅಜ್ಜಿ ಒಂದು ದಿನ ಕೇಳಿಯೇಬಿಟ್ಟರು: “ಯಾವ ಯುದ್ಧಕ್ಕಮ್ಮ ದಿನಾ ಹೊಂಟಿರ್ತೀಯ?”

“ಹೊನ್ನಾಳಿ ಯುದ್ಧ ಅಜ್ಜಿ, ಸಂಜೆಗೆ ಗೆದ್ಕಂಡ್ ಬರ್ತೀನಿ,” ಎಂದಿದ್ದಳು.

ಜಗಳೂರಿಗೆ ವರ್ಗವಾದಾಗ ದಿನವೂ ಹೋಗಿಬರುವ ಮಾತಿರಲಿಲ್ಲ. ಅಲ್ಲೇ ಒಂದು ರೂಮು ಮಾಡಿಕೊಂಡಳು. ಸೋಮವಾರ ನಸುಕಿಗೆ ಹೋದರೆ ಶನಿವಾರ ಸಂಜೆ ವಾಪಸ್ಸು. ಬಸ್ಸಿನಲ್ಲಿ ಓಡಾಡು ಎಂದೆ. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ತ್ಯಾವಣಿಗೆ ಮೇಲೆ ಚನ್ನಗಿರಿ. ಬಸ್ಸಿಗೇನೂ ಕಡಿಮೆಯಿಲ್ಲ ಎಂದೆ. “ಅಲ್ಲಿ ಹಳ್ಳಿ ಹಳ್ಳಿ ತಿರುಗಾಕೆ ಗಾಡಿ ಬೇಕಲ್ರಿ. ಗಾಡಿ ಅಲ್ಲಿ ಬಿಟ್ಟು ನಾನು ಇಲ್ಲಿಗೆ ಬಸ್ಸಲ್ಲಿ ಬಂದ್ರೆ ಭಾನುವಾರ ನಾನೇನ್ ಮಾಡ್ಲಿ?” ಎಂದಳು. ನಮ್ಮ ಅವ್ವ ಅವಳ ಕಡೆ. ನ್ಯಾಮತಿ ಸಂತೆಗೆ ಸೊಸೆಯ ಹಿಂದೆ ಕೂತು ಹೋಗಿ ಬಂದ ಅವ್ವನಿಗೆ ಬೈಕೆಂದರೆ ಸಂಭ್ರಮ. “ಪೇಪರಿನಾಗೆ ಬರ್ದೂ ಬರ್ದೂ ನಿಂಗೆ ದಿಗಿಲು ಹತ್ತೈತೆ. ಬೈಕಿಗಲ್ಲ, ನಿಂಗೆ ನಿಂಬೆಹಣ್ಣು ಇಳಿ ತೆಗೀಬೇಕು,” ಎಂದಳು.

ಮಳೆಗಾಲದ ಶನಿವಾರಗಳು ಹೇಗೋ ಕಳೆದವು. ನಾನು ಹೆದರಿದ್ದು ಕೊಯ್ಲಿಗೆ.

ಜಗಳೂರು ಕಡೆ ಮೆಕ್ಕೆಜೋಳ ಕೊಯ್ದ ಮೇಲೆ ಕಾಳನ್ನು ಟಾರು ರಸ್ತೆಯ ಮೇಲೆ ಹರವುತ್ತಾರೆ. ಟಾರು ಬೇಗ ಬಿಸಿಯಾಗುತ್ತದೆ, ಕಾಳಿಗೆ ಮಣ್ಣು ಸೇರುವುದಿಲ್ಲ. ಅರ್ಧ ರಸ್ತೆ ಕಾಳಿಗೆ, ಇನ್ನರ್ಧ ವಾಹನಕ್ಕೆ. ಗಾಡಿಗಳು ಕಾಳಿನ ಮೇಲೆ ಹರಿಯದಿರಲೆಂದು ಅಂಚಿನುದ್ದಕ್ಕೂ ತಲೆಯಷ್ಟು ದಪ್ಪದ ಕಲ್ಲುಗಳನ್ನು ಇಡುತ್ತಾರೆ. ಸಂಜೆ ಕಾಳನ್ನು ಒಟ್ಟುಮಾಡಿ ರಸ್ತೆಯ ಮೇಲೇ ರಾಶಿ ಹಾಕಿ, ಕಪ್ಪು ಟಾರ್ಪಾಲು ಹೊದಿಸುತ್ತಾರೆ. ಕಪ್ಪು ರಸ್ತೆ, ಕಪ್ಪು ರಾಶಿ, ಬೂದು ಕಲ್ಲು. ಪ್ರತಿ ವರ್ಷ ನಮ್ಮ ಪತ್ರಿಕೆ ಇದರ ಫೋಟೊ ಹಾಕುತ್ತದೆ. ಹೆಚ್ಚುಕಡಿಮೆ ಅದೇ ತಲೆಬರಹ: ರಸ್ತೆಯಲ್ಲೇ ಒಕ್ಕಣೆ, ಸವಾರರ ಪರದಾಟ. ಅಧಿಕಾರಿಗಳು ಪ್ರತಿ ವರ್ಷ ಎಚ್ಚರಿಕೆ ಕೊಡುತ್ತಾರೆ. ಜೋಳ ಪ್ರತಿ ವರ್ಷ ರಸ್ತೆಗೇ ಬರುತ್ತದೆ.

ಆ ಕೊಯ್ಲಿನ ಕಾಲದಲ್ಲಿ ಫೋನಿನಲ್ಲಿ ನಮಗೆ ಜಗಳವಾಯಿತು. ಜೋಳ ಮುಗಿಯುವವರೆಗಾದರೂ ಬಸ್ಸಿನಲ್ಲಿ ಬಾ ಎಂದೆ.

“ನೀವು ಈ ರೋಡಲ್ಲಿ ಯಾವತ್ತಾರ ಬೈಕ್ ಮೇಲೆ ಬಂದೀರಾ?” ಎಂದು ಕೇಳಿದಳು.

“ಕಾರಿನಲ್ಲಿ ಬಂದಿದೀನಿ.”

“ಒಂದ್ಸಲ ನನ್ ಹಿಂದೆ ಕೂತ್ಕಂಡ್ ಬರ್ರಿ. ಆಮೇಲೂ ಬ್ಯಾಡ ಅಂದ್ರೆ ಬಸ್ ಹತ್ತುತೀನಿ.”

ಮುಂದಿನ ಶನಿವಾರ ಬಸ್ಸಿನಲ್ಲಿ ಜಗಳೂರಿಗೆ ಹೋದೆ. ಮಧ್ಯಾಹ್ನವೇ ಹೊರಡಬೇಕೆಂದಿದ್ದೆವು. ಯಾರದೋ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂದು ಅವಳು ಹೋದಳು. ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಕೂತೆ. ಅವಳು ಬಂದಾಗ ಬಿಸಿಲು ಹಳದಿಯಾಗಿತ್ತು. ತಂದಿದ್ದ ಇನ್ನೊಂದು ಹೆಲ್ಮೆಟ್ಟನ್ನು ನನ್ನ ತಲೆಗೆ ಹಾಕಿ, ಗದ್ದದ ಪಟ್ಟಿಯ ಒಳಗೆ ಬೆರಳು ತೂರಿಸಿ ನೋಡಿ, ಇನ್ನಷ್ಟು ಬಿಗಿ ಮಾಡಿದಳು. ಟಯರು ಒತ್ತಿದಳು, ದೀಪ ಹಾಕಿ ಆರಿಸಿದಳು. ಟೀ ಅಂಗಡಿಯವನು ನೋಡುತ್ತಿದ್ದ.

“ಏನ್ರೀ ಡಾಕ್ಟ್ರಮ್ಮ, ಯಜಮಾನ್ರನ್ನ ಪಾರ್ಸೆಲ್ ಮಾಡ್ಕಂಡ್ ಹೊಂಟ್ರಾ?”

“ಹೂಂ ಅಣ್ಣ. ಒಡೆಯೋ ಸಾಮಾನು, ಹುಷಾರಾಗಿ ಒಯ್ಬೇಕು.”

“ಹೆಲ್ಮೆಟ್ ಪೊಲೀಸ್ ಸ್ಟೇಷನ್ ದಾಟಗಂಟ ಸಾಕಲ್ರೀ. ನಾವೆಲ್ಲ ಆಮೇಲೆ ತೊಡೆ ಮೇಲೆ ಇಟ್ಕಂತೀವಿ.”

“ತೊಡೆ ಒಡದ್ರೆ ಹೊಲೀಬೋದು ಅಣ್ಣ,” ಎಂದು ಅವಳು ಬೈಕಿಗೆ ಜೀವ ಕೊಟ್ಟಳು.

ಊರು ದಾಟುವವರೆಗೆ ನನ್ನ ಕೈಗಳಿಗೆ ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ. ಆಮೇಲೆ ಹಿಂದಿನ ಕಂಬಿ ಹಿಡಿದೆ. ಹಿಂದೆ ಕೂತವನಿಗೆ ರಸ್ತೆ ಕಾಣುವುದಿಲ್ಲ. ಮುಂದಿನವರ ಹೆಲ್ಮೆಟ್ ಕಾಣುತ್ತದೆ, ಅದರ ಎರಡೂ ಪಕ್ಕ ಹಿಂದಕ್ಕೆ ಓಡುವ ಹೊಲ. ಬ್ರೇಕು ಬಿದ್ದ ಮೇಲೆಯೇ ಏನೋ ಇತ್ತೆಂದು ಗೊತ್ತಾಗುತ್ತದೆ. ನಾನು ಕತ್ತು ಹೊರಗೆ ಚಾಚಿ ನೋಡುತ್ತಿದ್ದೆ. ಪ್ರತಿ ಸಲ ಚಾಚಿದಾಗಲೂ ಬೈಕು ಆ ಕಡೆಗೆ ಎಳೆಯುತ್ತಿತ್ತು. “ಅಲ್ಲಾಡಬ್ಯಾಡ್ರಿ, ನನ್ ಜೊತೇಗೆ ವಾಲ್ರಿ ಸಾಕು,” ಎಂದು ಕೂಗಿದಳು.

ಒಂದು ಮಾತು ಒಪ್ಪಬೇಕು. ಅವಳು ಚೆನ್ನಾಗಿ ಓಡಿಸುತ್ತಿದ್ದಳು. ರಸ್ತೆಯ ಮೇಲೆ ಜೋಳದ ಮೊದಲ ಹಳದಿ ಪಟ್ಟಿ ಕಂಡದ್ದೇ ವೇಗ ಇಳಿಸಿ, ಎದುರಿನ ಗಾಡಿಗೆ ದಾರಿ ಬಿಟ್ಟು, ಆಮೇಲೆ ಪಕ್ಕದಿಂದ ಹಾದಳು. ಎರಡನೆಯದೂ ಹಾಗೆಯೇ ದಾಟಿತು. ಹೆಂಗಸರು ಕಾಳನ್ನು ಎಳೆದು ಗುಡ್ಡೆ ಮಾಡುತ್ತಿದ್ದರು, ಒಬ್ಬಳು ಅವಳನ್ನು ಗುರುತಿಸಿ ಕೈ ಬೀಸಿದಳು. ಒಣ ಹೊಲಗಳ ಮೇಲೆ ಆಕಾಶ ಬಹಳ ದೊಡ್ಡದಾಗಿತ್ತು. ಒಂದು ಗಳಿಗೆ ನನಗೂ ಇದು ಹಿಡಿಸಿತು. ಕಂಬಿ ಹಿಡಿದ ಬೆರಳುಗಳು ಸಡಿಲವಾದವು.

ಹೊತ್ತು ಮುಳುಗಿ, ಕತ್ತಲೂ ಅಲ್ಲದ ಬೆಳಕೂ ಅಲ್ಲದ ಹೊತ್ತಿನಲ್ಲಿ ಎದುರಿನಿಂದ ಒಂದು ಲಾರಿ ಬಂತು. ಕಣ್ಣಿಗೆ ಹೊಡೆಯುವ ಹೈಬೀಮ್ ದೀಪ ಉರಿಯುತ್ತಿತ್ತು. ಇಡೀ ರಸ್ತೆ ಬೆಳ್ಳಗಾಗಿ ಅಳಿಸಿಹೋಯಿತು. ಅವಳು ವೇಗ ಇಳಿಸಿದ್ದು, ಎಡಕ್ಕೆ ಸರಿದದ್ದು ನನ್ನ ಮೈಗೆ ಗೊತ್ತಾಯಿತು. ಲಾರಿಯ ಗಾಳಿ ಹೊಡೆದು ಹೋಯಿತು. ಆ ಕ್ಷಣವೇ ನಮ್ಮ ಕೆಳಗಿನ ನೆಲ ಉರುಳತೊಡಗಿತು. ಹಾಗೆಂದೇ ಹೇಳಬೇಕು; ನೆಲವೇ ಉರುಳಿತು. ದಿನವಿಡೀ ಗಾಡಿಗಳು ಚೆಲ್ಲಾಡಿದ ಕಾಳು ಕಲ್ಲಿನ ಸಾಲಿಗಿಂತ ಬಹಳ ಈಚೆಯವರೆಗೂ ಹರಡಿಕೊಂಡಿತ್ತು. ಹಿಂದಿನ ಚಕ್ರ ಪಕ್ಕಕ್ಕೆ ಹೋಯಿತು. ಅವಳು “ಬಿಡ್ರಿ!” ಎಂದದ್ದು ಕೇಳಿತು. ಏನು ಬಿಡಬೇಕೆಂದು ಯೋಚಿಸುವಷ್ಟರಲ್ಲಿ ನನ್ನ ತಲೆ ಟಾರಿಗೆ ಬಡಿಯಿತು. ಹೆಲ್ಮೆಟ್ಟಿನ ಒಳಗೆ ಆ ಸದ್ದು ತೆಂಗಿನಕಾಯಿ ಒಡೆದ ಹಾಗಿತ್ತು.

ಬಿದ್ದಲ್ಲೇ ನನ್ನ ತಲೆಯೊಳಗೆ ವಾಕ್ಯವೊಂದು ತಾನಾಗಿ ತಯಾರಾಯಿತು: ಮೆಕ್ಕೆಜೋಳದ ಮೇಲೆ ಬೈಕ್ ಜಾರಿ ಬಿದ್ದು ಪಶುವೈದ್ಯೆ. ಅಲ್ಲಿಗೆ ನಿಂತಿತು. ಆ ವಾಕ್ಯ ಮುಗಿಸುವ ಶಬ್ದಗಳು ನನಗೆ ಚೆನ್ನಾಗಿ ಗೊತ್ತು. ಅವುಗಳಲ್ಲಿ ಯಾವುದೆಂದು ತಿರುಗಿ ನೋಡಲು ಧೈರ್ಯವಾಗಲಿಲ್ಲ.

“ರೀ,” ಎಂದಳು ಅವಳು. “ಕಾಲು ಅಲ್ಲಾಡ್ತೈತಾ?”

“ಹೂಂ.”

“ಹಂಗಾರೆ ಎದ್ದು ರೋಡ್ ಬಿಟ್ಟು ಈಚೆ ಬರ್ರಿ. ಜಲ್ದಿ. ಹಿಂದೆ ಗಾಡಿ ಬರ್ತಾವೆ.”

ಬೈಕು ಕಲ್ಲಿನ ಸಾಲಿಗೆ ತಗುಲಿ ಅಡ್ಡ ಬಿದ್ದಿತ್ತು, ಚಕ್ರ ಇನ್ನೂ ತಿರುಗುತ್ತಿತ್ತು. ಅವಳು ಎಡಗೈಯನ್ನು ಎದೆಗೊತ್ತಿಕೊಂಡು ರಸ್ತೆಯ ಪಕ್ಕ ಕೂತಳು. ರಾಶಿಯ ಆಚೆಯಿಂದ ಗಂಡ ಹೆಂಡತಿ ಇಬ್ಬರು ಓಡಿ ಬಂದರು. ಜೋಳ ಅವರದು. ಹೆಂಗಸಿನ ಕೈಯಲ್ಲಿ ನೀರಿನ ಬಿಂದಿಗೆ.

“ಅಯ್ಯೋ ಶಿವನೇ, ಡಾಕ್ಟ್ರಮ್ಮ ಅಲ್ವೇನ್ರೀ ಇದು! ನಮ್ಮೆಮ್ಮೆಗೆ ಸೂಜಿ ಹಾಕಿದ್ರಲ್ಲ!”

ಗಂಡ ಮೊದಲು ಬೈಕು ಎತ್ತಿ ನಿಲ್ಲಿಸಿದ. ಆಮೇಲೆ ನಿಜವಾದ ಬೇಸರದಿಂದ ನನ್ನನ್ನು ಕೇಳಿದ: “ಕಲ್ಲಿಟ್ಟೀವಲ್ರೀ ಸಾರ್. ನೀವು ಬೀಳಬಾರ್ದು ಅಂತಾನೇ ಇಡೋದು. ಕಾಣ್ಲಿಲ್ವಾ?”

“ಕಲ್ಲೂ ರೋಡೂ ಒಂದೇ ಬಣ್ಣ ಐತಲ್ಲಣ್ಣ,” ಎಂದಳು ನನ್ನ ಹೆಂಡತಿ.

“ಹಗಲೊತ್ತು ಕಾಣ್ತೈತೆ ಕಣಮ್ಮ.”

“ಹಗಲೊತ್ತು ಜೋಳನೇ ಕಾಣ್ತೈತೆ. ಕಲ್ಲು ಯಾಕೆ ಬೇಕು?”

ಅವನು ಕಲ್ಲುಗಳ ಕಡೆ ನೋಡಿದ. ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ. ಅವನ ಹೆಂಡತಿಗೆ ಅವಕಾಶ ಸಿಕ್ಕಿತು. “ನಾನ್ ಬಡ್ಕಂಡೆ. ಕಣದಾಗೆ ಹಾಕು ಅಂದ್ರೆ ಕೇಳ್ಲಿಲ್ಲ.”

“ಕಣ ಎಲ್ಲೈತೆ? ಕಣದ ತುಂಬ ನಿನ್ ತಮ್ಮ ಟ್ರ್ಯಾಕ್ಟರ್ ನಿಲ್ಸ್ಯಾನೆ.”

“ನನ್ ತಮ್ಮನ್ ಟ್ರ್ಯಾಕ್ಟರಾಗೇ ಜೋಳ ತಂದಿದ್ದು ಮರೀಬ್ಯಾಡ.”

ನನ್ನ ಹೆಂಡತಿ ನೋವಿನಲ್ಲೂ ನಕ್ಕಳು. “ಸುಣ್ಣನಾದ್ರೂ ಬಳೀರಿ ಅಣ್ಣ, ದೀಪ ಬಿದ್ರೆ ಕಾಣ್ತಾವೆ,” ಎಂದಳು. ಅವನು ತಲೆಯಾಡಿಸಿದ. ಅಷ್ಟರಲ್ಲಿ ಟೆಂಪೊ ಒಂದು ನಿಂತಿತು. ಚಾಲಕ ಇಳಿದು, ಏನಾಯ್ತು ಎಂದು ಕೇಳಿ, ಬೈಕಿನ ಫೋಟೊ ತೆಗೆದುಕೊಂಡು ಹೋದ. ನಾನು ಅವಳ ಪಕ್ಕ ಕೂತೆ. ಬಿಂದಿಗೆಯ ನೀರನ್ನು ಅವಳಿಗೆ ಕುಡಿಸಿದೆ.

ಜೇಬಿನಲ್ಲಿ ಫೋನು ಗುಯ್‌ಗುಟ್ಟಿತು. ವರದಿಗಾರರ ಗುಂಪು. ಜಗಳೂರಿನ ಸಹೋದ್ಯೋಗಿ ಹಾಕಿದ್ದ ಫೋಟೊ, ಕೆಳಗೆ, “ಜಗಳೂರು ರಸ್ತೆ, ಬೈಕ್ ಸ್ಕಿಡ್. ವಿವರ ಬರಬೇಕು.” ಅಭ್ಯಾಸಬಲದಿಂದ ಬೆರಳು ಅಗಲಿಸಿದೆ. ಟ್ಯಾಂಕು ಹಸಿರಾಗಿತ್ತು.

ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಎಷ್ಟೋ ಶನಿವಾರಗಳಿಂದ ಬರಬಹುದು ಎಂದು ಕಾದಿದ್ದ ಫೋಟೊ ಅದೇ ಚೌಕಟ್ಟಿನಲ್ಲಿ ಬಂದಿತ್ತು. ಅದರಲ್ಲಿ ಕಲ್ಲುಗಳು ಕಾಣುತ್ತಿರಲಿಲ್ಲ. ಕತ್ತಲಿಗೆ ಅವು ರಸ್ತೆಯಲ್ಲಿ ಸೇರಿಹೋಗಿದ್ದವು.

“ವಿವರ ನನ್ನ ಬಳಿ ಇದೆ. ಇಬ್ಬರಿಗೂ ಸಣ್ಣ ಗಾಯ. ಇಬ್ಬರೂ ಹೆಲ್ಮೆಟ್ ಹಾಕಿದ್ದರು,” ಎಂದು ಬರೆದು ಕಳಿಸಿದೆ.

“ಖಚಿತವಾ ಸಾರ್?” ಎಂದು ಅವನು ಕೇಳಿದ.

ನಾನು ಒಮ್ಮೆ ಅವಳನ್ನು ನೋಡಿ, “ಖಚಿತ” ಎಂದು ಬರೆದೆ.

ಅವಳ ಎಡ ಮಣಿಕಟ್ಟು ಊದಿಕೊಂಡಿತ್ತು. ಕ್ಲಚ್ ಹಿಡಿಯಲಾಗುತ್ತಿರಲಿಲ್ಲ. ಬೈಕು ಇಲ್ಲೇ ಬಿಡೋಣವೆಂದರೆ ಕೇಳಲಿಲ್ಲ. ದಾವಣಗೆರೆಯವರೆಗೆ ನಾನೇ ಓಡಿಸಬೇಕಾಯಿತು. ಊರೊಳಗೆ ಗೇರಿಲ್ಲದ ಸ್ಕೂಟರು ಓಡಿಸಿಕೊಂಡಿದ್ದ ನನಗೆ ಆ ಭಾರದ ಬೈಕು ಬೇರೊಬ್ಬರ ಎತ್ತಿನಂತಿತ್ತು. ನಿಧಾನ ಹೋದೆ, ಅತಿ ನಿಧಾನ. ಅವಳು ಬಲಗೈಯಲ್ಲಿ ನನ್ನ ಭುಜ ಹಿಡಿದಿದ್ದಳು.

“ಸ್ವಲ್ಪ ಸ್ಪೀಡ್ ಮಾಡ್ರಿ. ಹಿಂಗೆ ಹೋದ್ರೆ ಹಿಂದಿನೋರು ಬಂದು ಗುದ್ತಾರೆ.”

ವೇಗ ಹೆಚ್ಚಿಸಿದೆ. ಭುಜದ ಮೇಲಿನ ಹಿಡಿತ ಬಿಗಿಯಾಯಿತು. ನಾನು ಬ್ರೇಕು ಒತ್ತಿದಾಗಲೆಲ್ಲ ಅವಳ ಹೆಲ್ಮೆಟ್ಟು ನನ್ನದಕ್ಕೆ ಟಕ್ ಎಂದು ತಾಗುತ್ತಿತ್ತು.

“ಮುಂದೆ ಏನೈತ್ರೀ? ನಂಗೇನೂ ಕಾಣ್ತಿಲ್ಲ.”

“ಏನಿಲ್ಲ.”

“ಯಾಕೆ ಬ್ರೇಕ್ ಹಾಕಿದ್ರಿ ಮತ್ತೆ?”

“ಏನೋ ಇದ್ದಂಗೆ ಕಂಡಿತು.”

ಊರಿನ ದೀಪಗಳು ಬಂದ ಮೇಲೆ ಅವಳು ಮೆಲ್ಲಗೆ ಹೇಳಿದಳು: “ಹಿಂದೆ ಕೂತೋರಿಗೆ ಹಿಂಗಿರ್ತೈತೆ ಅಂತ ಗೊತ್ತಿರ್ಲಿಲ್ಲ ನಂಗೆ.”

ಮನೆಯಲ್ಲಿ ಕೂತವರಿಗೆ ಹೇಗಿರುತ್ತದೆಂದು ಹೇಳುವ ಹೊತ್ತು ಅದಾಗಿರಲಿಲ್ಲ. ಆಸ್ಪತ್ರೆಯ ದಾರಿ ಕೇಳಲು ಬೈಕು ನಿಲ್ಲಿಸಿದೆ.

ಮೂಳೆ ಸಣ್ಣಗೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿದರು. ಬೈಕನ್ನು ದಾವಣಗೆರೆಯಲ್ಲಿ ಪರಿಚಯದವರ ಮನೆಯಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಚನ್ನಗಿರಿಗೆ ಬಂದೆವು. ನನ್ನ ಹೆಲ್ಮೆಟ್ಟಿನ ಬಲಬದಿಯಲ್ಲಿ ಅಂಗೈ ಅಗಲ ಬಣ್ಣ ಹೋಗಿತ್ತು. ಅವ್ವ ಅದರ ಮೇಲೆ ಬೆರಳಾಡಿಸಿ ಒಳಗೆ ಹೋದಳು. ಆ ರಾತ್ರಿ ಅವ್ವ ಊಟ ಮಾಡಲಿಲ್ಲ.

ಪ್ಲಾಸ್ಟರಿದ್ದಷ್ಟು ದಿನ ಹೆಂಡತಿ ಬಸ್ಸಿನಲ್ಲೇ ಓಡಾಡಿದಳು. ನಾನು ಮನಸ್ಸಿನಲ್ಲೇ ಆ ದಿನಗಳು ಮುಗಿಯದಿರಲಿ ಎಂದುಕೊಂಡೆ. ಅವಳು ಮಾತ್ರ ಬ್ಯಾಟರಿ ಇಳಿಯಬಾರದೆಂದು ದಾವಣಗೆರೆಗೆ ಫೋನು ಮಾಡಿ, ಗಾಡಿ ಸ್ಟಾರ್ಟ್ ಮಾಡಿಸಿ, ಫೋನಿನಲ್ಲೇ ಎಂಜಿನ್ನಿನ ಸದ್ದು ಕೇಳುತ್ತಿದ್ದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೂತಲ್ಲಿ ನಿಂತಲ್ಲಿ ಮುಷ್ಟಿ ಹಿಡಿದು ಬಿಟ್ಟು ಮಾಡುತ್ತಿದ್ದಳು. ಬಸ್ಸಿನ ಮಾತನ್ನು ನಾನು ಇನ್ನೊಮ್ಮೆ ಎತ್ತಿದೆ.

“ಹಿಂದೆ ಕೂತು ಬಂದ ಮೇಲೂ ಬ್ಯಾಡ ಅಂದ್ರೆ ಬಸ್ ಹತ್ತುತೀನಿ ಅಂದಿದ್ದೆ. ಹೇಳ್ರಿ, ಬ್ಯಾಡ ಅಂತೀರಾ?” ಎಂದು ಕೇಳಿದಳು. ಮುಷ್ಟಿ ಇನ್ನೂ ಆಡುತ್ತಿತ್ತು.

ಬೇಡ ಎನ್ನಬಹುದಿತ್ತು. ಅಂದರೆ ಅವಳು ಮಾತು ಉಳಿಸಿಕೊಳ್ಳುತ್ತಿದ್ದಳು. ಲಾರಿ ಬರುವ ಮುಂಚೆ ನನ್ನ ಬೆರಳು ಸಡಿಲವಾದ ಆ ಗಳಿಗೆ ನೆನಪಾಯಿತು. “ಹೊತ್ತು ಮುಳುಗೋದ್ರೊಳಗೆ ದಾವಣಗೆರೆ ಸೇರ್ಬೇಕು. ಸೇರಿದ ಕೂಡ್ಲೆ ಫೋನ್ ಮಾಡ್ಬೇಕು,” ಎಂದೆ. ಒಪ್ಪಿದಳು.

ಮತ್ತೆ ಬೈಕಿನಲ್ಲಿ ಬರಬೇಕಾದ ಮೊದಲ ಶನಿವಾರ ಆ ಫೋನು ಬರಲಿಲ್ಲ. ಹೊರಟಾಗ ಮಾಡಿದ್ದಳು, ಆಮೇಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಗುಂಪಿನಲ್ಲಿ ಫೋಟೊ ಒಂದು ಬಂತು: ಸಂತೇಬೆನ್ನೂರು ಹತ್ತಿರ, ಬೈಕು, ಕೆಂಪು ಟ್ಯಾಂಕು. ಉಸಿರು ಬಿಟ್ಟೆ. ಬಿಟ್ಟ ಉಸಿರಿಗೆ ನಾಚಿಕೆಯಾಯಿತು; ಆ ಕೆಂಪನ್ನು ನೋಡಿ ಕಂಗೆಡುವ ಮನೆಯೊಂದು ಎಲ್ಲೋ ಇತ್ತು. ಅವ್ವ ಗೇಟಿನ ಬಳಿ ಕುರ್ಚಿ ಹಾಕಿ ಕೂತಿದ್ದಳು. ಬೀದಿಯಲ್ಲಿ ಯಾವ ಬೈಕಿನ ಸದ್ದು ಕೇಳಿದರೂ ಏಳುತ್ತಿದ್ದಳು, ಕೂರುತ್ತಿದ್ದಳು.

ಕತ್ತಲಾಗಿ ಬಹಳ ಹೊತ್ತಾದ ಮೇಲೆ ಹೆಂಡತಿ ಬಂದಳು. ಗ್ಲೌಸ್ ತೆಗೆಯುವಾಗ ಅಂಗೈಯೆಲ್ಲ ಬೆಳ್ಳಗಿತ್ತು.

“ಏನದು?”

“ಸುಣ್ಣ. ಆ ಜೋಳದ ಅಣ್ಣ ನಾನು ಹೇಳಿದಂಗೆ ಕಲ್ಲಿಗೆ ಬಳಿದಾರೆ ಕಣ್ರಿ. ಅವ್ರೊಬ್ರೇ ಅಲ್ಲ, ಮುಂದಿನ್ ಹೊಲದೋರೂ ಬಳಿದಾರೆ.”

“ಮತ್ತೆ ಗ್ಲೌಸಿಗೆ ಯಾಕೆ ಬಂತು?”

“ಜೋಳ ತಗಂಡ್ ಹೋಗಿದಾರೆ, ಕಲ್ಲು ಅಲ್ಲೇ ಬಿಟ್ಟಿದಾರೆ. ಎತ್ತಿ ಹಾಕ್ತಿದ್ದೆ. ಫೋನು ಬ್ಯಾಗಲ್ಲಿತ್ತು, ಕೇಳ್ಲಿಲ್ಲ.”

“ರೋಡ್ ನಡುವೆ ನಿಂತ್ಕಂಡಾ? ಆ ಹೊತ್ತಲ್ಲಿ?”

“ನಂಗೆ ಕಂಡಿದ್ದನ್ನ ಎತ್ತದೆ ಬಂದ್ರೆ, ಎದುರು ದೀಪ ಹೊಡೆದಾಗ ಹಿಂದೆ ಬರೋರು ಕಾಣ್ದೆ ಬೀಳ್ತಾರಲ್ರಿ.”

ಬೈಕಿನ ಮೇಲೆ ಅವಳಿಗೆ ಏನೇನಾಗಬಹುದೆಂದು ನಾನು ಎಲ್ಲ ಬಗೆಯಿಂದಲೂ ಕಲ್ಪಿಸಿಕೊಂಡಿದ್ದೆ. ಬೈಕಿನಿಂದ ಇಳಿದು, ಲಾರಿ ಓಡಾಡುವ ರಸ್ತೆಯ ನಡುವೆ ಬೆನ್ನು ಬಗ್ಗಿಸಿ ನಿಂತವಳನ್ನು ಕಲ್ಪಿಸಿಕೊಂಡಿರಲಿಲ್ಲ. ಆ ವಾರ ಪೂರ್ತಿ ಅದೊಂದೇ ಕಣ್ಣಿಗೆ ಕಟ್ಟಿತ್ತು.

ಮುಂದಿನ ಶನಿವಾರ ನಾನೇ ಜಗಳೂರಿನ ಬಸ್ಸು ಹತ್ತಿದೆ. ಕೈಯಲ್ಲಿ ಬಣ್ಣ ಹೋದ ಹೆಲ್ಮೆಟ್ಟು, ಚೀಲದಲ್ಲಿ ದೊಡ್ಡ ಟಾರ್ಚು. ಆವತ್ತೂ ಹೊರಡುವುದು ತಡವಾಗಿ ಕತ್ತಲಾಗಿತ್ತು. ಹೋದ ವಾರ ಎತ್ತದೆ ಉಳಿದ ಕಲ್ಲಿನ ಸಾಲು ಬಂದಾಗ ಅವಳು ಬೈಕನ್ನು ರಸ್ತೆ ಬಿಟ್ಟು ಮಣ್ಣಿಗಿಳಿಸಿ ನಿಲ್ಲಿಸಿದಳು. ಅವಳು ಒಂದೊಂದೇ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ನೋಯುವ ಮಣಿಕಟ್ಟಿಗೆ ತೊಡೆಯ ಆಸರೆ ಕೊಟ್ಟು, ಹೊಲದ ಬದುವಿಗೆ ಹಾಕುತ್ತಿದ್ದಳು. ನಾನು ಸ್ವಲ್ಪ ಮುಂದೆ ನಿಂತು ಎದುರಿನ ಗಾಡಿಗಳಿಗೆ ಟಾರ್ಚು ಬೀಸುತ್ತಿದ್ದೆ. ಒಂದು ಲಾರಿ ವೇಗ ಇಳಿಸಿತು. ಇನ್ನೊಂದು ಇಳಿಸಲಿಲ್ಲ, ಹೈಬೀಮ್ ಹಾಕಿಕೊಂಡೇ ನಮ್ಮನ್ನು ಸವರಿಕೊಂಡು ಹೋಯಿತು. ಕಣ್ಣು ಕತ್ತಲಾಗಿ ಒಂದಷ್ಟು ಹೊತ್ತು ಅವಳು ಕಾಣಲಿಲ್ಲ.

“ಎಲ್ಲಿದೀಯ?” ಎಂದು ಕೂಗಿದೆ.

“ಇಲ್ಲೇ ಇದೀನಿ. ಇನ್ನೊಂದೈತೆ, ಇರ್ರಿ.”

ಟಾರ್ಚು ಇಳಿಸದೆ ನಿಂತೆ.